ಗುಂಡಿಗೊಂದು ಹೆಸರು, ತಂತಿಗೊಂದು ಹೆಸರು

ಸ್ಟುಟ್‌ಗಾರ್ಟ್‌ನಿಂದ ಉಲ್ಮ್ ಕಡೆಗೆ ಹೋಗುವ ರೈಲು ಮಾರ್ಗದಲ್ಲಿ ಗ್ಯೋಪಿಂಗನ್ ಎಂಬ ಊರು ಸಿಗುತ್ತದೆ. ಆಟಿಕೆ ಎಂದರೆ ನಮಗೆ ಚನ್ನಪಟ್ಟಣ ನೆನಪಾಗುವ ಹಾಗೆ, ಆಟಿಕೆ ರೈಲು ಎಂದರೆ ಇಲ್ಲಿಯವರಿಗೆ ನೆನಪಾಗುವುದು ಈ ಊರು. 1859ರಲ್ಲಿ ಇಲ್ಲಿ ಶುರುವಾದ ಮೇರ್ಕ್ಲಿನ್ ಕಂಪನಿ ಮೊದಮೊದಲು ತಯಾರಿಸುತ್ತಿದ್ದದ್ದು ಗೊಂಬೆಮನೆಗೆ ಬೇಕಾದ ತಗಡಿನ ಪಾತ್ರೆ ಪಡಗಗಳನ್ನು. 1891ರ ಲೈಪ್ಜಿಗ್ ಮೇಳದಲ್ಲಿ ಆ ಕಂಪನಿ ಗೊತ್ತಾದ ಅಳತೆಯ ಹಳಿಗಳ ಮೇಲೆ ಓಡುವ ರೈಲನ್ನು ತಂದಿಟ್ಟಿತು. ಈ ವರ್ಷದ ಕ್ರಿಸ್‌ಮಸ್‌ಗೆ ಒಂದು ಸುತ್ತು ಹಳಿ ಕೊಂಡರೆ, ಮುಂದಿನ ವರ್ಷ ಕೊಳ್ಳುವ ಹಳಿ ಅದಕ್ಕೇ ಜೋಡಿಕೊಳ್ಳುತ್ತಿತ್ತು. ಒಂದು ಅಳತೆಯನ್ನು ಎಲ್ಲರೂ ಒಪ್ಪಿಕೊಂಡರೆ ವ್ಯಾಪಾರವೂ ಬೆಳೆಯುತ್ತದೆ, ಆಟವೂ ಬೆಳೆಯುತ್ತದೆ ಎಂಬುದನ್ನು ಈ ಹವ್ಯಾಸ ಅಷ್ಟು ಹಿಂದೆಯೇ ಕಲಿತಿತ್ತು.

ನಾನು ವೃತ್ತಿಯಿಂದ ಲೆಕ್ಕಿಗ. ಊರಿನಲ್ಲಿ ಬಿಕಾಂ, ಆಮೇಲೆ ಸಿಎ ಮುಗಿಸಿ, ಕೆಲಸದ ಮೇಲೆ ಈ ಕಡೆ ಬಂದವನು. ಇಲ್ಲಿಯ ಒಂದು ಮಾದರಿ ರೈಲು ಸಂಘಕ್ಕೆ ಕುತೂಹಲದಿಂದ ಸೇರಿದೆ. ನನ್ನ ಉದ್ಯೋಗ ಏನೆಂದು ತಿಳಿದ ಕೂಡಲೇ ಖಜಾಂಚಿ ಕೆಲಸ ಕೊರಳಿಗೆ ಬಿತ್ತು. ರಸೀದಿ ಬರೆಯುತ್ತಾ, ಸದಸ್ಯರ ಮಾತು ಕೇಳುತ್ತಾ ಕುಳಿತವನಿಗೆ ಒಂದು ವಿಚಾರ ಮತ್ತೆ ಮತ್ತೆ ಕಿವಿಗೆ ಬೀಳುತ್ತಿತ್ತು. ಎಪ್ಪತ್ತು ದಾಟಿದ ಹಿರಿಯರು, ಜೀವನವಿಡೀ ಯಂತ್ರಗಳ ಜೊತೆ ಕೆಲಸ ಮಾಡಿದವರು, ಅಂಗೈಯಗಲದ ಎಂಜಿನ್ ಒಂದನ್ನು ಮುಂದಿಟ್ಟುಕೊಂಡು ವಾದಿಸುತ್ತಿದ್ದರು: ‘ಎಫ್1 ಅಂದೆಯಲ್ಲ, ಯಾವ ಎಫ್1? ಗುಂಡಿಯದೋ, ತಂತಿಯದೋ?’ ಈ ಲೇಖನ ಆ ಪ್ರಶ್ನೆಯ ಚರಿತ್ರೆ. ವಿಷಯ ಚಿಕ್ಕದು. ಆದರೆ ಒಂದೇ ಹೆಸರನ್ನು ಎರಡು ವಸ್ತುಗಳಿಗೆ ಇಟ್ಟರೆ ಏನಾಗುತ್ತದೆ, ಅದನ್ನು ಬಿಡಿಸಲು ಎಷ್ಟು ಕಾಲ ಬೇಕಾಗುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ನನ್ನ ವೃತ್ತಿಯಲ್ಲೂ ಕಡಿಮೆ.

ಮಾದರಿ ರೈಲು ನೋಡದವರಿಗಾಗಿ ನಮ್ಮ ಮನೆಯ ಸ್ವಿಚ್ ಬೋರ್ಡನ್ನೇ ತೆಗೆದುಕೊಳ್ಳೋಣ. ಸಾಲಾಗಿ ಐದು ಸ್ವಿಚ್. ‘ಫ್ಯಾನ್ ಸ್ವಿಚ್ ಹಾಕಪ್ಪಾ’ ಎನ್ನುತ್ತೇವೆ. ಸ್ವಿಚ್ಚಿಗೆ ತನ್ನದೇ ಹೆಸರಿಲ್ಲ, ಅದು ನಡೆಸುವ ವಸ್ತುವಿನ ಹೆಸರೇ ಅದಕ್ಕೂ. ಒಂದು ಸ್ವಿಚ್ಚಿಗೆ ಒಂದೇ ವಸ್ತು ಇರುವ ತನಕ ಇದರಿಂದ ತೊಂದರೆಯಿಲ್ಲ. ಮಹಡಿ ಮೆಟ್ಟಿಲಿನ ದೀಪಕ್ಕೆ ಕೆಳಗೊಂದು, ಮೇಲೊಂದು ಸ್ವಿಚ್ ಬಂದಾಗ ಮಾತು ಸ್ವಲ್ಪ ತೊಡಕಾಗುತ್ತದೆ. ಒಂದೇ ಸ್ವಿಚ್ಚಿಗೆ ಎರಡು ದೀಪ, ಒಂದು ಫ್ಯಾನ್ ಜೋಡಿಸಿ, ಅದರಲ್ಲೂ ಒಂದು ದೀಪ ಬಾಗಿಲು ಮುಚ್ಚಿದ್ದರೆ ಮಾತ್ರ ಉರಿಯಬೇಕು ಎಂದರೆ? ಆಗ ಸ್ವಿಚ್ಚಿಗೆ ಒಂದು ಹೆಸರು, ದೀಪಕ್ಕೆ ಇನ್ನೊಂದು ಹೆಸರು, ಯಾವುದು ಯಾವುದಕ್ಕೆ ಎಂದು ಹೇಳುವ ಒಂದು ಪಟ್ಟಿ, ಮೂರೂ ಬೇಕು. ಮಾದರಿ ರೈಲಿನವರು ಆ ಪಟ್ಟಿಯನ್ನು ‘ಫಂಕ್ಷನ್ ಮ್ಯಾಪಿಂಗ್’ ಎನ್ನುತ್ತಾರೆ.

ಹಳೆಯ ಪದ್ಧತಿಯಲ್ಲಿ ಈ ಪಟ್ಟಿಯ ಗೊಡವೆಯೇ ಇರಲಿಲ್ಲ. ಎರಡು ಹಳಿಗಳಿಗೆ ಡಿಸಿ ವಿದ್ಯುತ್ ಕೊಡುತ್ತಿದ್ದರು. ವೋಲ್ಟೇಜ್ ಏರಿಸಿದರೆ ವೇಗ, ಇಳಿಸಿದರೆ ನಿಧಾನ, ಧನ ಋಣ ಅದಲು ಬದಲು ಮಾಡಿದರೆ ಹಿಮ್ಮುಖ. ಒಂದೇ ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೇ ಓಡುತ್ತವೆ. ಎಂಜಿನ್ ನಿಂತರೆ ಅದರ ದೀಪವೂ ಆರುತ್ತದೆ. ಬೇರೆ ಬೇರೆ ಎಂಜಿನ್ ಬೇರೆ ಬೇರೆಯಾಗಿ ಓಡಬೇಕೆಂದರೆ ಹಳಿಯನ್ನೇ ತುಂಡುತುಂಡು ಮಾಡಿ, ಪ್ರತಿ ತುಂಡಿಗೂ ಬೇರೆ ತಂತಿ ಎಳೆಯಬೇಕಿತ್ತು.

ಈ ಕಟ್ಟನ್ನು ಬಿಡಿಸುವ ಪ್ರಯತ್ನ 1963ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಬಂತು. ‘ಆಸ್ಟ್ರಾಕ್’ ಎಂಬ ಅವರ ಪದ್ಧತಿಯಲ್ಲಿ ಪ್ರತಿ ಎಂಜಿನ್‌ಗೂ ಒಂದೊಂದು ಆವರ್ತನದ ಸಂಕೇತ. ಹೀಗೆ ಐದು ಎಂಜಿನ್‌ಗಳನ್ನು ಒಂದೇ ಹಳಿಯ ಮೇಲೆ ಬೇರೆ ಬೇರೆಯಾಗಿ ನಡೆಸಬಹುದಿತ್ತು. 1979ರಲ್ಲಿ ಬ್ರಿಟನ್ನಿನ ಹಾರ್ನ್‌ಬಿ ಕಂಪನಿ ‘ಝೀರೋ 1’ ತಂದು ಆ ಸಂಖ್ಯೆಯನ್ನು 16ಕ್ಕೆ ಏರಿಸಿತು. ಆಗ ಎಲ್ಲರ ಲಕ್ಷ್ಯ ಓಟದ ಮೇಲಿತ್ತು. ದೀಪ, ಗಂಟೆ, ಹೊಗೆ ಇವೆಲ್ಲ ಆಮೇಲಿನ ಮಾತು.

1980ರ ದಶಕದ ನಡುವಿನಲ್ಲಿ ಮೇರ್ಕ್ಲಿನ್ ತನ್ನ ಡಿಜಿಟಲ್ ಪದ್ಧತಿಯನ್ನು ಮಾರುಕಟ್ಟೆಗೆ ತಂದಿತು. ಅದರ ಒಳಗಿದ್ದದ್ದು ಮೋಟೊರೋಲಾ ಕಂಪನಿಯ ಚಿಪ್. ಎಂಜಿನ್ನಿನ ವಿಳಾಸ ಬರೆಯಲು ನಾಲ್ಕು ಸ್ಥಾನ, ಪ್ರತಿ ಸ್ಥಾನಕ್ಕೂ ಮೂರು ಆಯ್ಕೆ. ಮೂರನ್ನು ನಾಲ್ಕು ಸಲ ಗುಣಿಸಿದರೆ 81. ಬಳಕೆಗೆ ಕೊಟ್ಟದ್ದು 80 ವಿಳಾಸ. ಓಟದ ಜೊತೆಗೆ ಒಂದೇ ಒಂದು ಹೆಚ್ಚಿನ ಕೆಲಸ, ಸಾಮಾನ್ಯವಾಗಿ ದೀಪ. ಕಂಟ್ರೋಲರ್ ಮೇಲೆ ಅದಕ್ಕಿದ್ದ ಗುಂಡಿಯ ಹೆಸರು ಬರಿಯ ‘ಫಂಕ್ಷನ್’. ಒಂದೇ ಇದ್ದಾಗ ಅದಕ್ಕೆ ನಂಬರ್ ಯಾಕೆ? ಮುಂದೆ ಬಂದ ಕಂಟ್ರೋಲರ್‌ನಲ್ಲಿ ಇನ್ನೂ ನಾಲ್ಕು ಗುಂಡಿ ಸೇರಿದವು. ಅವುಗಳಿಗೆ ಎಫ್1ರಿಂದ ಎಫ್4 ಎಂಬ ಹೆಸರು ಬಂತು. ಮೊದಲ ಮಗುವಿಗೆ ‘ಮಗು’ ಎಂದೇ ಕರೆದು, ಎರಡನೆಯದಕ್ಕೆ ‘ಒಂದು’ ಎಂದು ಹೆಸರಿಟ್ಟ ಹಾಗಾಯಿತು. ಇಂದಿಗೂ ದೀಪ ‘ಎಫ್0’ ಆಗಿ ಉಳಿದಿರುವುದರ ಹಿಂದೆ ಇಂಥ ಚರಿತ್ರೆಯಿದೆ.

ಇದೇ ಹೊತ್ತಿಗೆ ಗೀಸನ್ ಪಟ್ಟಣದ ಲೆನ್ಜ್ ಎಲೆಕ್ಟ್ರೋನಿಕ್ ಇನ್ನೊಂದು ಪದ್ಧತಿಯನ್ನು ಕಟ್ಟುತ್ತಿತ್ತು. ಎರಡು ಹಳಿಯ ರೈಲುಗಳಿಗಾಗಿ ಅದು ಮಾಡಿದ ಡಿಕೋಡರ್‌ಗಳು 1989ರ ಸುಮಾರಿಗೆ ಆರ್ನಾಲ್ಡ್ ಕಂಪನಿಯ ಹೆಸರಿನಲ್ಲಿ, ಬಳಿಕ ಮೇರ್ಕ್ಲಿನ್ ಹೆಸರಿನಲ್ಲಿ ಅಂಗಡಿಗೆ ಬಂದವು. ಡಿಕೋಡರ್ ಎಂದರೆ ಎಂಜಿನ್ನಿನ ಹೊಟ್ಟೆಯಲ್ಲಿ ಕೂರುವ ಪುಟ್ಟ ಸರ್ಕ್ಯೂಟ್. ಹಳಿಯಲ್ಲಿ ಬರುವ ಸಂದೇಶಗಳಲ್ಲಿ ತನ್ನ ವಿಳಾಸದ್ದನ್ನು ಮಾತ್ರ ಆರಿಸಿಕೊಂಡು ಮೋಟಾರ್, ದೀಪಗಳಿಗೆ ವಿದ್ಯುತ್ ಬಿಡುವುದು ಅದರ ಕೆಲಸ. ಅಮೆರಿಕದಲ್ಲಿ 1935ರಿಂದಲೂ ಇದ್ದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್, ಅಂದರೆ ಎನ್‌ಎಂಆರ್‌ಎ, ಎಲ್ಲ ತಯಾರಕರಿಗೂ ಒಂದೇ ಡಿಜಿಟಲ್ ಭಾಷೆ ಬೇಕೆಂದು ಹುಡುಕಾಡುತ್ತಿತ್ತು. ಹಲವು ಪದ್ಧತಿಗಳನ್ನು ತೂಗಿ ನೋಡಿ, ಲೆನ್ಜ್ ಪದ್ಧತಿಯನ್ನು ಪರವಾನಗಿಯ ಮೇಲೆ ಪಡೆದು, ಅದನ್ನು ಹಿಗ್ಗಿಸಿತು. ಪ್ರಸ್ತಾವಿತ ಮಾನದಂಡ 1993ರ ಅಕ್ಟೋಬರಿನಲ್ಲಿ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯಲ್ಲಿ ಅಚ್ಚಾಯಿತು, ಬಳಿಕ ಅಂಗೀಕಾರವಾಯಿತು. ಡಿಜಿಟಲ್ ಕಮಾಂಡ್ ಕಂಟ್ರೋಲ್, ಚಿಕ್ಕದಾಗಿ ಡಿಸಿಸಿ, ಹುಟ್ಟಿದ್ದು ಹೀಗೆ.

ಡಿಸಿಸಿಯ ಕಟ್ಟುಪಾಡು ನನ್ನಂಥ ಲೆಕ್ಕಿಗನಿಗೆ ಹಿಡಿಸುವಂಥದು. ಹಳಿಯ ವಿದ್ಯುತ್ತು ದಿಕ್ಕು ಬದಲಿಸುತ್ತಲೇ ಇರುತ್ತದೆ. ಅರ್ಧ ಅಲೆ 58 ಮೈಕ್ರೊಸೆಕೆಂಡ್ ಇದ್ದರೆ ಅದು ಒಂದು, 100 ಅಥವಾ ಅದಕ್ಕೆ ಮೇಲ್ಪಟ್ಟು ಇದ್ದರೆ ಸೊನ್ನೆ. ಪ್ರತಿ ಸಂದೇಶದ ಕೊನೆಗೂ ಒಂದು ತಾಳೆ ಅಂಕಿ ಇರುತ್ತದೆ. ಹಿಂದೆ ಬಂದ ಅಂಕಿಗಳಿಗೆ ಅದು ಹೊಂದದಿದ್ದರೆ ಡಿಕೋಡರ್ ಇಡೀ ಸಂದೇಶವನ್ನೇ ಕಡೆಗಣಿಸುತ್ತದೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ಮುಂದಿನ ಪುಟಕ್ಕೆ ಹೋಗಬಾರದು ಎಂದು ಕಲಿಸಿದ ಗುರುಗಳು ನೆನಪಾಗುತ್ತಾರೆ. ಡಿಕೋಡರ್‌ನ ಒಳಗೆ ನಂಬರ್ ಹಾಕಿದ ಖಾನೆಗಳಿವೆ. ಅವುಗಳ ಹೆಸರು ಕಾನ್ಫಿಗರೇಷನ್ ವೇರಿಯಬಲ್, ಅಂದರೆ ಸಿವಿ. ಸಿವಿ 1ರಲ್ಲಿ ಎಂಜಿನ್ನಿನ ವಿಳಾಸ, ಸಿವಿ 3ರಲ್ಲಿ ಎಷ್ಟು ನಿಧಾನವಾಗಿ ವೇಗ ಏರಬೇಕು, ಸಿವಿ 8ರಲ್ಲಿ ತಯಾರಕರ ಗುರುತು. ಒಂದೊಂದು ಖಾನೆಯಲ್ಲೂ 0ಯಿಂದ 255ರ ತನಕ ಒಂದು ಅಂಕಿ ಬರೆದಿಡಬಹುದು.

ನಮ್ಮ ಕಥೆಗೆ ಬೇಕಾದ ಖಾನೆಗಳು ಸಿವಿ 33ರಿಂದ 46ರ ತನಕ, ಒಟ್ಟು ಹದಿನಾಲ್ಕು. ಇದೇ ಆ ಪಟ್ಟಿ. 33 ಮತ್ತು 34 ದೀಪದ ಸಾಲುಗಳು, ಮುಂದಕ್ಕೆ ಹೋಗುವಾಗ ಒಂದು, ಹಿಂದಕ್ಕೆ ಹೋಗುವಾಗ ಒಂದು. 35ರಿಂದ 46ರ ತನಕ ಎಫ್1ರಿಂದ ಎಫ್12ರ ಸಾಲುಗಳು. ಪ್ರತಿ ಸಾಲಿನಲ್ಲೂ ಆ ಫಂಕ್ಷನ್ ಬಂದಾಗ ಯಾವ ಯಾವ ತಂತಿಗೆ ವಿದ್ಯುತ್ ಬಿಡಬೇಕು ಎಂದು ಬರೆದಿರುತ್ತದೆ. ಬರೆಯುವ ರೀತಿ ತಕ್ಕಡಿಯ ತೂಕದ ಕಲ್ಲುಗಳಂತೆ: 1, 2, 4, 8, 16, 32, 64, 128. ಮುಂದಿನ ದೀಪಕ್ಕೆ 1, ಹಿಂದಿನ ದೀಪಕ್ಕೆ 2, ಹಸಿರು ತಂತಿಗೆ 4. ಎಫ್1ರ ಸಾಲಿನಲ್ಲಿ 4 ಬರೆದರೆ ಹಸಿರು ತಂತಿ ಮಾತ್ರ. 7 ಬರೆದರೆ ಮೂರೂ. ಈ ಎಂಟು ಕಲ್ಲುಗಳಿಂದ ಯಾವ ತೂಕವನ್ನೂ ಒಂದೇ ರೀತಿಯಲ್ಲಿ ತೂಗಲು ಸಾಧ್ಯ. ಹಾಗಾಗಿ ಮೊತ್ತ ನೋಡಿದರೆ ಸಾಕು, ಯಾವ ಕಲ್ಲು ಇಟ್ಟಿದ್ದರೆಂದು ಹೇಳಬಹುದು. ಇಷ್ಟು ಅಚ್ಚುಕಟ್ಟಾದ ಲೆಡ್ಜರ್ ಎಲ್ಲಿ ಸಿಕ್ಕೀತು!

ಅಡಚಣೆ ಶುರುವಾಗುವುದು ಇಲ್ಲಿಂದಲೇ. ತಂತಿಗಳು ಹದಿನಾಲ್ಕು, ಸಾಲಿನಲ್ಲಿ ಇರುವ ಜಾಗ ಎಂಟು. ಹದಿನಾಲ್ಕು ಸಾಲು, ಹದಿನಾಲ್ಕು ಕಾಲಂ ಇದ್ದರೆ 196 ಮನೆಗಳು ಬೇಕು, ಸಿಕ್ಕಿದ್ದು 112. ಸಮಿತಿಯವರು ಒಂದು ಜಾಣ ಉಪಾಯ ಮಾಡಿದರು. ಮೊದಲ ಐದು ಸಾಲುಗಳಿಗೆ 1ರಿಂದ 8ರ ತನಕದ ತಂತಿಗಳು. ಎಫ್4ರಿಂದ ಎಫ್8ರ ಸಾಲುಗಳಿಗೆ 4ರಿಂದ 11. ಎಫ್9ರಿಂದ ಎಫ್12ಕ್ಕೆ 7ರಿಂದ 14. ಕಿಟಕಿಯೊಂದನ್ನು ಮೂರು ಮೂರು ಹೆಜ್ಜೆ ಬಲಕ್ಕೆ ಸರಿಸಿದ ಹಾಗೆ. ಆಗಿನ ಕಾಲಕ್ಕೆ ಇದು ಸಾಕಾಗಿತ್ತು, ಏಕೆಂದರೆ ಬಹುತೇಕ ಡಿಕೋಡರ್‌ಗಳಲ್ಲಿ ಇದ್ದದ್ದೇ ನಾಲ್ಕಾರು ತಂತಿ. ಆದರೆ ಇದರ ಫಲ ನೋಡಿ. ಎಫ್1ರ ಸಾಲಿನಲ್ಲಿ ಬರೆದ 4 ಎಂದರೆ ಮೂರನೆಯ ತಂತಿ. ಎಫ್4ರ ಸಾಲಿನಲ್ಲಿ ಅದೇ 4 ಎಂದರೆ ಆರನೆಯ ತಂತಿ. ಎಫ್9ರ ಸಾಲಿನಲ್ಲಿ ಒಂಬತ್ತನೆಯದು. ಎಫ್12ರ ಗುಂಡಿಯಿಂದ ಮುಂದಿನ ದೀಪ ಹಚ್ಚಬೇಕೆಂದರೆ ಈ ಪಟ್ಟಿಯಲ್ಲಿ ಅದನ್ನು ಬರೆಯಲು ಜಾಗವೇ ಇಲ್ಲ.

ದೀಪದ ಕಥೆಯೇ ಇನ್ನೊಂದು. ಮೊದಲ ಡಿಸಿಸಿ ಸಂದೇಶದಲ್ಲಿ ವೇಗಕ್ಕೆ 14 ಹಂತಗಳಿದ್ದವು, ದೀಪದ ಆಜ್ಞೆಯೂ ಅದೇ ಸಂದೇಶದ ಒಂದು ಮೂಲೆಯಲ್ಲಿ ಕೂತಿತ್ತು. ಹಂತಗಳನ್ನು 28ಕ್ಕೆ ಏರಿಸಿದಾಗ ಆ ಮೂಲೆಯನ್ನು ವೇಗಕ್ಕೆ ಕೊಟ್ಟು, ದೀಪವನ್ನು ಎಫ್1ರಿಂದ ಎಫ್4ರ ಸಂದೇಶದ ಜೊತೆ ಸೇರಿಸಿದರು. ಕಂಟ್ರೋಲರ್ 28 ಹಂತದ ಲೆಕ್ಕದಲ್ಲಿ ಮಾತಾಡಿ, ಡಿಕೋಡರ್ 14ರ ಲೆಕ್ಕದಲ್ಲಿ ಕೇಳಿಸಿಕೊಂಡರೆ, ವೇಗ ಏರಿಸಿದಂತೆಲ್ಲ ದೀಪ ಹತ್ತಿ ಆರಿ ಹತ್ತಿ ಆರಿ ಕಣ್ಣು ಮಿಟುಕಿಸುತ್ತದೆ. ಹೊಸಬರು ಬಲ್ಬ್ ಸಡಿಲವಾಗಿದೆ ಎಂದು ಎಂಜಿನ್ ಬಿಚ್ಚುತ್ತಾರೆ. ಬಲ್ಬ್ ಸರಿಯಾಗಿಯೇ ಇರುತ್ತದೆ. ಒಂದೇ ಬಿಟ್‌ಗೆ ಇಬ್ಬರು ಬೇರೆ ಬೇರೆ ಅರ್ಥ ಹಚ್ಚಿರುತ್ತಾರೆ, ಅಷ್ಟೇ.

ಇಷ್ಟರ ಮೇಲೆ ಹೆಸರುಗಳ ಗೊಂದಲ ಬೇರೆ. ಡಿಕೋಡರ್ ಕಾರ್ಖಾನೆಯಿಂದ ಬರುವಾಗ ಎಫ್1ರ ಗುಂಡಿ ಹಸಿರು ತಂತಿಗೇ ಸೇರಿರುತ್ತದೆ. ಹಾಗಾಗಿ ಹಸಿರು ತಂತಿಯನ್ನೂ ‘ಎಫ್1’ ಎಂದೇ ಕರೆದರು. ಸ್ವಿಚ್ಚಿಗೆ ಫ್ಯಾನ್ ಹೆಸರಿಟ್ಟ ನಮ್ಮ ಮನೆಯ ನ್ಯಾಯ, ತಿರುಗುಮುರುಗಾಗಿ. ಆದರೆ ಮಾನದಂಡದ ಪಟ್ಟಿಯಲ್ಲಿ ಎರಡು ದೀಪಗಳನ್ನು ಮೊದಲು ಎಣಿಸುವುದರಿಂದ ಅದೇ ತಂತಿ ‘ಔಟ್‌ಪುಟ್ 3’. ಒಬ್ಬ ತಯಾರಕರ ಕೈಪಿಡಿಯಲ್ಲಿ ಅದು ‘ಆಕ್ಸ್ 1’, ಇನ್ನೊಬ್ಬರದರಲ್ಲಿ ‘ಎಫ್‌ಎ 1’. ಇತ್ತ 2000ರ ಆಸುಪಾಸಿನಲ್ಲಿ ಶಬ್ದ ಹೊರಡಿಸುವ ಡಿಕೋಡರ್‌ಗಳು ಹರಡಿದವು. ಅಮೆರಿಕದ ಎಂಜಿನ್‌ಗಳಲ್ಲಿ ಎಫ್1 ಒತ್ತಿದರೆ ಸಾಮಾನ್ಯವಾಗಿ ಗಂಟೆ ಬಾರಿಸುತ್ತದೆ. ಯುರೋಪಿನ ಬಹಳಷ್ಟು ಎಂಜಿನ್‌ಗಳಲ್ಲಿ ಅದೇ ಗುಂಡಿಯಿಂದ ಇಡೀ ಎಂಜಿನ್ನಿನ ಸದ್ದು ಶುರುವಾಗುತ್ತದೆ. ಶಬ್ದಕ್ಕೆ ತಂತಿಯೇ ಇಲ್ಲ. ಆದ್ದರಿಂದ ‘ಎಫ್1 ಎಂದರೆ ಹಸಿರು ತಂತಿ’ ಎಂಬ ಮಾತಿಗೆ ಅರ್ಥವೇ ಉಳಿಯಲಿಲ್ಲ.

ಇದು ಹವ್ಯಾಸಿಗಳ ರಗಳೆ ಎಂದು ನಗುವ ಮುಂಚೆ ನನ್ನ ವೃತ್ತಿಯ ಒಂದು ಉದಾಹರಣೆ ಕೇಳಿ. ಜರ್ಮನಿಯಲ್ಲಿ ಕಂಪನಿಗಳು ಖಾತೆಗಳಿಗೆ ಕೊಡುವ ನಂಬರುಗಳಿಗೆ ಡಾಟೆವ್ ಸಂಸ್ಥೆಯ ಸಿದ್ಧಪಟ್ಟಿಗಳಿವೆ. ಹೆಚ್ಚು ಬಳಕೆಯವು ಎರಡು, ಎಸ್‌ಕೆಆರ್ 03 ಮತ್ತು 04. ಮೊದಲನೆಯದರಲ್ಲಿ 1200 ಎಂದರೆ ಬ್ಯಾಂಕ್ ಖಾತೆ. ಎರಡನೆಯದರಲ್ಲಿ ಅದೇ 1200 ಎಂದರೆ ಗಿರಾಕಿಗಳಿಂದ ಬರಬೇಕಾದ ಬಾಕಿ. ಕೈಯಲ್ಲಿರುವ ಹಣಕ್ಕೂ ಬರಬೇಕಾದ ಹಣಕ್ಕೂ ಇರುವ ಅಂತರ ಗೊತ್ತಿಲ್ಲದೆ ಮುಳುಗಿದ ವ್ಯಾಪಾರಗಳನ್ನು ನಾವೆಲ್ಲ ನೋಡಿದ್ದೇವೆ. ಅದಕ್ಕೇ ಇಲ್ಲಿ ಯಾರಾದರೂ ‘1200ಕ್ಕೆ ಹಾಕಿ’ ಎಂದರೆ ಒಳ್ಳೆಯ ಲೆಕ್ಕಿಗ ಮೊದಲು ಕೇಳುವ ಪ್ರಶ್ನೆ ‘ಯಾವ ಪಟ್ಟಿಯ 1200?’ ಸಂಘದ ಹಿರಿಯರು ‘ಯಾವ ಎಫ್1?’ ಎಂದಾಗ ನನಗೆ ಅವರು ನಮ್ಮವರೇ ಅನ್ನಿಸಿದ್ದು ಆ ಕಾರಣಕ್ಕೆ.

ಪಟ್ಟಿ ಹಿಗ್ಗಬೇಕೆಂಬ ಒತ್ತಡ ಬಂದದ್ದು ನಿಜವಾದ ರೈಲುಗಳ ನಿಯಮಗಳಿಂದ. ರೈಲಿನ ಕೊನೆಯನ್ನು ತೋರಿಸುವ ಕೆಂಪು ದೀಪ ಕೊನೆಯ ಬೋಗಿಯ ಹಿಂಬದಿಗೆ ಇರಬೇಕು. ಎಂಜಿನ್ ಒಂಟಿಯಾಗಿ ಹೋಗುವಾಗ ಅದರ ಬೆನ್ನಿಗೇ ಕೆಂಪು ದೀಪ ಸರಿ. ಬೋಗಿ ಕಟ್ಟಿದ ಮೇಲೆ ಎಂಜಿನ್ನಿನ ಕೆಂಪು ದೀಪ ಆರಿರಬೇಕು, ಇಲ್ಲದಿದ್ದರೆ ರೈಲಿನ ಹೊಟ್ಟೆಯಲ್ಲಿ ಕೆಂಪು ದೀಪ ಉರಿದಂತಾಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಎಂಜಿನ್ ಮುಂದುಗಡೆ ಮೂರು ಬಿಳಿ ದೀಪ ತೋರಿಸುತ್ತದೆ. ಹಿಂದುಗಡೆ ಸಂದರ್ಭಕ್ಕೆ ತಕ್ಕಂತೆ ಒಂದು ಬಿಳಿ ಅಥವಾ ಒಂದು ಕೆಂಪು. ಇದಕ್ಕೆ ಬೇಕಾದದ್ದು ‘ಈ ಗುಂಡಿ ಒತ್ತಿದ್ದು, ಆ ಗುಂಡಿ ಒತ್ತದೇ ಇದ್ದು, ಎಂಜಿನ್ ಹಿಂದಕ್ಕೆ ಹೋಗುತ್ತಿದ್ದರೆ’ ಎಂಬಂಥ ಷರತ್ತು. ಹದಿನಾಲ್ಕು ಸಾಲಿನ ಹಳೆಯ ಪಟ್ಟಿಗೆ ‘ಇದ್ದರೆ’, ‘ಇಲ್ಲದಿದ್ದರೆ’ ಎಂಬ ಮಾತೇ ಗೊತ್ತಿರಲಿಲ್ಲ.

ತಯಾರಕರು ತಮ್ಮ ತಮ್ಮ ದಾರಿ ಹುಡುಕಿಕೊಂಡರು. ವಿಯೆನ್ನಾದ ಝಿಮೋ ಕಂಪನಿ ತನ್ನ ವಿಸ್ತೃತ ಪಟ್ಟಿಗೆ ‘ಸ್ವಿಸ್ ಮ್ಯಾಪಿಂಗ್’ ಎಂದೇ ಹೆಸರಿಟ್ಟಿತು. ಉಲ್ಮ್ ಬಳಿಯ ಇಎಸ್‌ಯು ಕಂಪನಿಯ ಡಿಕೋಡರ್‌ಗಳಲ್ಲಿ ಪಟ್ಟಿಯೇ ಬೇರೆ ರೂಪ ಪಡೆಯಿತು. ಸಾಲಿನ ಎಡಕ್ಕೆ ಷರತ್ತುಗಳು, ಬಲಕ್ಕೆ ತಂತಿ, ಶಬ್ದ ಇತ್ಯಾದಿ ಫಲಗಳು. ಎಡಗಡೆಯದೆಲ್ಲ ನಿಜವಾದರೆ ಬಲಗಡೆಯದು ನಡೆಯುತ್ತದೆ. ಡಿಸಿಸಿ ಸಂದೇಶಗಳೂ ಎಫ್12 ದಾಟಿ ಎಫ್28, ಈಗ ಎಫ್68ರ ತನಕ ಬಂದಿವೆ. ಯುರೋಪಿನ ಡಿಜಿಟಲ್ ಮಾದರಿ ರೈಲು ತಯಾರಕರ ಸಂಘವಾದ ರೈಲ್‌ಕಮ್ಯುನಿಟಿ ಈ ವಿಸ್ತೃತ ಪಟ್ಟಿಗಳಿಗೆ ಆರ್‌ಸಿಎನ್-227 ಎಂಬ ಮಾನದಂಡವನ್ನೂ ಬರೆದಿದೆ. ಅದರಲ್ಲಿ ಫಂಕ್ಷನ್ನಿನಿಂದ ಹೊರಟು ತಂತಿ ಹುಡುಕುವ ಕ್ರಮವೂ ಇದೆ, ತಂತಿಯಿಂದ ಹೊರಟು ಫಂಕ್ಷನ್ ಹುಡುಕುವ ಕ್ರಮವೂ ಇದೆ. ಜರ್ನಲ್ ನೋಡಿ ಖಾತೆ ಹಿಡಿಯುವುದು, ಖಾತೆ ನೋಡಿ ಜರ್ನಲ್ ಹಿಡಿಯುವುದು ಎರಡೂ ನಮಗೆ ಬೇಕಲ್ಲವೆ, ಹಾಗೆ.

ಪಟ್ಟಿ ಹಿಗ್ಗಿದ ಮೇಲೆ ಹೆಸರುಗಳನ್ನು ಬೇರೆ ಮಾಡದೆ ಗತ್ಯಂತರ ಉಳಿಯಲಿಲ್ಲ. ಬಿಡಿಸಿ ನೋಡಿದರೆ ಇಲ್ಲಿ ಇರುವುದು ಎರಡಲ್ಲ, ಮೂರು ವಸ್ತು. ಕೈಯಲ್ಲಿರುವ ಗುಂಡಿ ಒಂದು. ಹಳಿಯಲ್ಲಿ ಹರಿದುಹೋಗುವ ಸಂದೇಶದ ನಂಬರ್ ಇನ್ನೊಂದು. ಫಂಕ್ಷನ್ ಎಂಬ ಹೆಸರು ನ್ಯಾಯವಾಗಿ ಸಲ್ಲಬೇಕಾದದ್ದು ಇದಕ್ಕೆ. ಎಂಜಿನ್ನಿನೊಳಗಿನ ತಂತಿ, ಅಂದರೆ ಔಟ್‌ಪುಟ್, ಮೂರನೆಯದು. ಈಗಿನ ಎಷ್ಟೋ ಕಂಟ್ರೋಲರ್‌ಗಳಲ್ಲಿ ಯಾವ ಗುಂಡಿ ಯಾವ ಫಂಕ್ಷನ್ ಕಳಿಸಬೇಕು ಎಂಬುದನ್ನೂ ಬದಲಿಸಬಹುದು. ಅಂದರೆ ಪಟ್ಟಿಗಳೂ ಎರಡಾದವು, ಒಂದು ಕೈಯಲ್ಲಿ, ಒಂದು ಎಂಜಿನ್ನಿನಲ್ಲಿ. ಫೋನಿನಲ್ಲಿ ಅಮ್ಮನಿಗೆ ಇದನ್ನೆಲ್ಲ ಕನ್ನಡದಲ್ಲಿ ಹೇಳಲು ಹೋದಾಗ ನನ್ನ ಬಾಯಿಗೆ ತಾನಾಗಿ ಬಂದ ಪದಗಳು ‘ಗುಂಡಿ, ಕರೆ, ತಂತಿ’. ಗುಂಡಿ ಒತ್ತಿದರೆ ಕರೆ ಹೋಗುತ್ತದೆ, ಕರೆ ಕೇಳಿ ತಂತಿಗೆ ವಿದ್ಯುತ್ ಬರುತ್ತದೆ. ‘ಇಷ್ಟೇನಾ?’ ಎಂದರು ಅಮ್ಮ. ಇಷ್ಟೇ. ಈ ಮೂರನ್ನೂ ‘ಎಫ್1’ ಎಂದು ಕರೆದದ್ದೇ ಎಲ್ಲ ತಕರಾರಿಗೂ ಮೂಲ.

ಹೆಸರುಗಳ ಪಟ್ಟಿಗೆ ಬೆಲೆ ಇದೆಯೇ ಎಂಬ ಪ್ರಶ್ನೆ ಒಮ್ಮೆ ಅಮೆರಿಕದ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಜೆಎಂಆರ್‌ಐ ಎಂಬುದು ಸ್ವಯಂಸೇವಕರು ಕಟ್ಟಿದ ಉಚಿತ ತಂತ್ರಾಂಶ. ಅದರ ‘ಡಿಕೋಡರ್‌ಪ್ರೊ’ ವಿಭಾಗದಲ್ಲಿ ಬೇರೆ ಬೇರೆ ತಯಾರಕರ ಡಿಕೋಡರ್‌ಗಳ ವಿವರ ಕಡತಗಳಿವೆ: ಯಾವ ಸಿವಿಯ ಅರ್ಥ ಏನು, ಯಾವ ತಂತಿಗೆ ಏನು ಹೆಸರು ಇತ್ಯಾದಿ. ಬಳಕೆದಾರನಿಗೆ ಕಾಣುವುದು ಸಾಲು, ಕಾಲಂಗಳ ಒಂದು ಕೋಷ್ಟಕ. ಗುರುತು ಹಾಕಿದರೆ ಸಾಕು, 1, 2, 4ರ ಲೆಕ್ಕವನ್ನು ತಂತ್ರಾಂಶವೇ ಮಾಡಿಕೊಳ್ಳುತ್ತದೆ. ಆ ಕಡತಗಳ ಭಾಗಗಳನ್ನು ಮೂಲ ಲೇಖಕರ ಹೆಸರು, ಪರವಾನಗಿ ಷರತ್ತು ತೋರಿಸದೆ ಮಾರಾಟದ ತಂತ್ರಾಂಶವೊಂದರಲ್ಲಿ ಬಳಸಿದ್ದಾರೆಂದು ‘ಜೇಕಬ್‌ಸನ್ ವಿರುದ್ಧ ಕಾಟ್ಜರ್’ ಮೊಕದ್ದಮೆ ನಡೆಯಿತು. ತಡೆಯಾಜ್ಞೆ ಕೊಡಲು ಕೆಳಗಿನ ನ್ಯಾಯಾಲಯ ಒಪ್ಪಿರಲಿಲ್ಲ. 2008ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ನಿರ್ಧಾರವನ್ನು ಬದಿಗಿರಿಸಿ, ಉಚಿತವಾಗಿ ಕೊಟ್ಟ ಕೃತಿಯ ಪರವಾನಗಿ ಷರತ್ತುಗಳಿಗೂ ಕೃತಿಸ್ವಾಮ್ಯದ ಬಲ ಇರಬಹುದು ಎಂದಿತು. 2010ರಲ್ಲಿ ಎರಡೂ ಕಡೆಯವರು ರಾಜಿಯಾದರು. ಮುಕ್ತ ತಂತ್ರಾಂಶದ ಕಾನೂನು ಓದುವವರು ಇಂದಿಗೂ ಈ ತೀರ್ಪನ್ನು ಓದುತ್ತಾರೆ. ಅದು ಹುಟ್ಟಿದ್ದು ಆಟದ ರೈಲಿನ ಗುಂಡಿ ತಂತಿಗಳ ಕಡತದಿಂದ.

ಕಾನೂನು ದೂರದ ಮಾತು. ನಮ್ಮ ಸಂಘದಲ್ಲಿ ಈ ವಿಷಯ ಹತ್ತಿರ ಬಂದದ್ದು ಬೇರೆ ರೀತಿಯಲ್ಲಿ. ಹಿರಿಯ ಸದಸ್ಯರೊಬ್ಬರು ತೀರಿಕೊಂಡಾಗ ಅವರ ಹೆಂಡತಿ ನಲವತ್ತಕ್ಕೂ ಹೆಚ್ಚು ಎಂಜಿನ್‌ಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಸಂಘಕ್ಕೆ ಕೊಟ್ಟರು. ಆಸ್ತಿಪಟ್ಟಿ ಮಾಡುವುದು ಖಜಾಂಚಿಯ ಪಾಲಿನ ಕೆಲಸ. ಒಂದೊಂದು ಪೆಟ್ಟಿಗೆಯ ಮುಚ್ಚಳದ ಒಳಗೂ ಒಂದು ಚೀಟಿ. ಹಳೆಯ ಚೀಟಿಗಳಲ್ಲಿ ‘ಎಫ್3 ಹೊಗೆ’ ಎಂದಷ್ಟೇ ಇತ್ತು. ಹೊಗೆಯ ಉಪಕರಣದ ಎಣ್ಣೆ ಬತ್ತಿರುವಾಗ ವಿದ್ಯುತ್ ಹೋದರೆ ಅದು ಸುಟ್ಟುಹೋಗಬಹುದು. ಅದು ಮೂರನೆಯ ಗುಂಡಿಯೋ, ಮೂರರ ಹೆಸರಿನ ತಂತಿಯೋ ಎಂದು ತಿಳಿಯದೆ ಯಾರೂ ಕೈ ಹಾಕಲಿಲ್ಲ. ಪ್ರತಿಯೊಂದನ್ನೂ ಬಿಚ್ಚಿ, ತಂತಿ ಹಿಡಿದು ನೋಡಿ, ಸಿವಿ ಓದಿ ದಾಖಲಿಸಲು ಇಬ್ಬರಿಗೆ ಒಂದು ಚಳಿಗಾಲ ಪೂರ್ತಿ ಬೇಕಾಯಿತು. ಆದರೆ ಅವರ ಕೊನೆಯ ವರ್ಷಗಳ ಚೀಟಿಗಳಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ಎರಡು ಕಾಲಂ ಮಾಡಿದ್ದರು. ಎಡಕ್ಕೆ ‘ಟಾಸ್ಟೆ’, ಅಂದರೆ ಗುಂಡಿ. ಬಲಕ್ಕೆ ‘ಔಸ್‌ಗಾಂಗ್’, ಅಂದರೆ ಔಟ್‌ಪುಟ್. ಆ ಎಂಜಿನ್‌ಗಳು ಮೊದಲ ದಿನವೇ ಓಡಿದವು. ಅವರ ಹೆಂಡತಿ ಕುರ್ಚಿ ಹಾಕಿಕೊಂಡು ಕೂತು ನೋಡಿದರು. ಯಾವ ಗುಂಡಿ ಒತ್ತಿದರೆ ಯಾವ ದೀಪ ಹತ್ತುತ್ತದೆ ಎಂದು ಅವರಿಗೂ ಗೊತ್ತಿತ್ತು. ಎಷ್ಟೋ ಸಂಜೆ ಜೊತೆಗೆ ಕೂತು ನೋಡಿದವರು. ತಂತಿಯ ವಿಷಯ ಮಾತ್ರ ಆ ಗೆರೆಯ ಬಲಕ್ಕಷ್ಟೇ ಇತ್ತು.

ಹಿಂದಿನವರನ್ನು ದೂರುವುದು ಸುಲಭ. ಹದಿನಾಲ್ಕು ಸಾಲಿಗೆ ಎಂಟೆಂಟು ಮನೆ ಕೊಟ್ಟವರು ಕಂಜೂಸುಗಳೂ ಅಲ್ಲ, ಮೈಗಳ್ಳರೂ ಅಲ್ಲ. ಒಂದು ಗುಂಡಿಗೆ ಒಂದು ತಂತಿ ಎಂಬ ಕಾಲದಲ್ಲಿ ಎರಡಕ್ಕೂ ಒಂದೇ ಹೆಸರು ಸಾಕಿತ್ತು. ಅವರ ದೊಡ್ಡ ಸಾಧನೆ ಎಂದರೆ ಅಂದಿನ ಎಂಜಿನ್ ಇಂದಿನ ಕಂಟ್ರೋಲರ್‌ನ ಮಾತನ್ನೂ ಕೇಳುತ್ತದೆ. ಮಾರುಕಟ್ಟೆ ಈ ನಡುವೆ ಎಷ್ಟೋ ಏಳುಬೀಳು ಕಂಡಿದೆ. ಆರ್ನಾಲ್ಡ್ ಎಂಬ ಹೆಸರು ಈಗ ಹಾರ್ನ್‌ಬಿ ಕೈಯಲ್ಲಿದೆ. ಮೇರ್ಕ್ಲಿನ್ 2009ರಲ್ಲಿ ದಿವಾಳಿ ಅರ್ಜಿ ಹಾಕಿ, 2013ರಲ್ಲಿ ಹೊಸ ಒಡೆಯರನ್ನು ಕಂಡಿತು. ಕಂಪನಿಗಳ ಬ್ಯಾಲೆನ್ಸ್ ಶೀಟ್ ಬದಲಾದರೂ ಸಿವಿ 35 ಸಿವಿ 35 ಆಗಿಯೇ ಉಳಿದಿದೆ. ಬರೆದಿಟ್ಟು, ಎಲ್ಲರೂ ಒಪ್ಪಿದ ಪಟ್ಟಿಗೆ ಇರುವ ಆಯುಸ್ಸು ಅದು.

ಅದೇ ಪಟ್ಟಿಗೆ ಇನ್ನೊಂದು ಮುಖವೂ ಇದೆ. ಒಮ್ಮೆ ಎಲ್ಲರ ಬಾಯಿಗೆ ಬಂದ ತಪ್ಪು ಹೆಸರಿಗೂ ಅಷ್ಟೇ ಆಯುಸ್ಸು. ತಂತಿಯನ್ನು ಎಫ್1 ಎಂದು ಕರೆಯುವವರು ಇನ್ನೂ ಇದ್ದಾರೆ, ಇನ್ನು ಮುಂದೆಯೂ ಇರುತ್ತಾರೆ. ಪಟ್ಟಿಯನ್ನು ಎಷ್ಟು ಬೇಕಾದರೂ ಹಿಗ್ಗಿಸಬಹುದು. ಆದರೆ ಅದನ್ನು ಓದುವವರಿಗೆ ಗುಂಡಿ ಯಾವುದು, ಕರೆ ಯಾವುದು, ತಂತಿ ಯಾವುದು ಎಂದು ತಿಳಿಯದಿದ್ದರೆ ಹಿಗ್ಗಿದಷ್ಟೂ ಗೋಜಲು ಹೆಚ್ಚು. ಈಗ ನಮ್ಮ ಸಂಘದಲ್ಲಿ ಎಂಜಿನ್ ದಾಖಲಿಸುವ ಫಾರಂನಲ್ಲಿ ಮೂರು ಕಾಲಂಗಳಿವೆ. ಹೊಸ ಸದಸ್ಯರು, ಅದರಲ್ಲೂ ಹುಡುಗರು, ‘ಮೂರರಲ್ಲೂ ಒಂದೇ ನಂಬರ್ ಬರುತ್ತದಲ್ಲ, ಯಾಕೆ ಮೂರು ಸಲ ಬರೆಯಬೇಕು?’ ಎಂದು ಗೊಣಗುತ್ತಾರೆ. ಇವತ್ತು ಒಂದೇ ಬರುತ್ತದೆ, ಬರೆಯಿರಿ, ಎನ್ನುತ್ತೇನೆ. ಬೇರೆಯಾಗುವ ದಿನ ಬಂದಾಗ ಬರೆಯಲು ಜಾಗ ಇರಬೇಕಲ್ಲ.